ಒಗಟು ಸ್ಪರ್ಧೆಯ ಟೋಕನ್ ಸೋರಿಕೆ ನಿಂತಿದ್ದು ಹೀಗೆ

ದಾವಣಗೆರೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಒಗಟು ಸ್ಪರ್ಧೆ ನಡೆಸುತ್ತೇವೆ. ಒಗಟು ಬಿಡಿಸಿದರೆ ಟೋಕನ್ (ಗುಟ್ಟಿನ ಅಕ್ಷರಗಳ ಸಾಲು) ಸಿಗುತ್ತದೆ, ಅದನ್ನು ಸರ್ವರ್‌ಗೆ ಕೊಟ್ಟರೆ ಅಂಕ. ತೊಂದರೆ ಏನೆಂದರೆ, ಒಂದು ತಂಡ ಬಿಡಿಸಿದ ಸ್ವಲ್ಪ ಹೊತ್ತಿಗೇ ಒಗಟಿನ ಫೈಲನ್ನೇ ತೆರೆಯದ ತಂಡಗಳಿಗೂ ಅಂಕ ಬೀಳುತ್ತಿತ್ತು.

ಟೋಕನ್ ಉದ್ದ ಮಾಡಿದರೆ ಪ್ರಯೋಜನವಿಲ್ಲ, ಉದ್ದದ್ದನ್ನೂ ವಾಟ್ಸಾಪ್‌ನಲ್ಲಿ ಕಳಿಸಬಹುದು ಅಲ್ವಾ. ಬೇಸ್64 (ಡೇಟಾವನ್ನು ಬೇರೆ ಅಕ್ಷರಗಳಲ್ಲಿ ಬರೆಯುವ ರೀತಿ) ಬರೀ ವೇಷ, ಯಾರು ಬೇಕಾದರೂ ಬಿಚ್ಚಬಹುದು. ತಂಡದ ನಂಬರ್ ಸೇರಿಸಿ ಬರೀ ಎಸ್‌ಎಚ್‌ಎ-256 (ಯಾವುದೇ ಪಠ್ಯದಿಂದ ನಿಗದಿತ ಉದ್ದದ ಗುರುತು ಮಾಡುವ ಸೂತ್ರ, ಎಲ್ಲರಿಗೂ ತೆರೆದಿರುವಂಥದ್ದು) ಹಾಕಿದರೂ ಅಷ್ಟೇ. ಸೂತ್ರ ಊಹಿಸಿದವರು ತಾವೇ ಟೋಕನ್ ತಯಾರಿಸಿಕೊಳ್ಳುತ್ತಾರೆ.

ಕೆಲಸ ಮಾಡಿದ್ದು, ಅಂಥ ಸೂತ್ರಕ್ಕೆ ಗುಟ್ಟಿನ ಕೀಲಿಯನ್ನೂ ಸೇರಿಸಿ ಪ್ರತಿ ತಂಡಕ್ಕೂ ಬೇರೆ ಟೋಕನ್ ಮಾಡಲು ಬಿಡುವ ಎಚ್‌ಮ್ಯಾಕ್. ಪೈಥಾನ್‌ನ ಸೀಕ್ರೆಟ್ಸ್ ಮಾಡ್ಯೂಲ್‌ನಿಂದ 32 ಬೈಟ್‌ನ ಕೀಲಿ ತೆಗೆದು ಸರ್ವರ್‌ನಲ್ಲಿ ಮಾತ್ರ ಇಡಿ. ಒಗಟಿನ ಪ್ರೋಗ್ರಾಂ ಒಳಗೆ ಕೀಲಿ ಇಡಲೇಬೇಡಿ, ಫೈಲ್ ಒಳಗಿನ ಓದಬಲ್ಲ ಅಕ್ಷರಗಳನ್ನು ತೋರಿಸುವ ಸ್ಟ್ರಿಂಗ್ಸ್ ಕಮಾಂಡ್ ಕೊಟ್ಟರೆ ಸಿಕ್ಕಿಬಿಡಬಹುದು. ಆಮೇಲೆ ಸ್ಪರ್ಧೆ, ತಂಡ, ಒಗಟು, ಇದೇ ಕ್ರಮದಲ್ಲಿ, ನಡುವೆ | ಗುರುತು ಹಾಕಿ ಜೋಡಿಸಿ. ಗುರುತು ಇಲ್ಲದಿದ್ದರೆ ತಂಡ 1 ಒಗಟು 12, ತಂಡ 11 ಒಗಟು 2 ಎರಡೂ 112 ಆಗುತ್ತವೆ. ಇದಕ್ಕೆ ಎಚ್‌ಮ್ಯಾಕ್-ಎಸ್‌ಎಚ್‌ಎ-256 ಹಾಕಿ, ಮೊದಲ 10 ಬೈಟ್ ತೆಗೆದು ಬೇಸ್32 (ಅಕ್ಷರ, ಅಂಕಿ ಸೇರಿ 32 ಗುರುತುಗಳಲ್ಲಿ ಬರೆಯುವ ರೀತಿ) ಮಾಡಿ. ಸರಿಯಾಗಿ 16 ಅಕ್ಷರ ಬರುತ್ತದೆ. ಬೇಸ್32ರಲ್ಲಿ 0, 1 ಇಲ್ಲ, ಹಾಗಾಗಿ ನೋಡಿಕೊಂಡು ಟೈಪ್ ಮಾಡುವಾಗ ಗೊಂದಲ ಕಡಿಮೆ.

ಪ್ರತಿ ತಂಡದ ಫೈಲನ್ನು ಅದರದ್ದೇ ಟೋಕನ್ ಹಾಕಿ ಮೊದಲೇ ತಯಾರಿಸಿಡಿ. ಪರಿಶೀಲನೆಗೆ == ಬೇಡ, ಹೋಲಿಕೆಗೆ ಹಿಡಿದ ಸಮಯ ನೋಡಿ ಟೋಕನ್ ಊಹಿಸಲು ಬಿಡದ ಕಂಪೇರ್ ಡೈಜೆಸ್ಟ್ ಬಳಸಿ. ಡೇಟಾಬೇಸ್‌ನಲ್ಲಿ ತಂಡ ಮತ್ತು ಒಗಟು ಜೋಡಿಗೆ ಯುನೀಕ್ (ಒಂದೇ ಸಲ ಇರಬೇಕೆಂಬ ನಿಯಮ) ಹಾಕಿದರೆ ಎರಡು ಸಲ ಅಂಕ ಸೇರುವುದಿಲ್ಲ. ಬೇರೆ ತಂಡದ ಟೋಕನ್ ಬಂದರೆ ಸುಮ್ನೆ ತಿರಸ್ಕರಿಸಬೇಡಿ, ಲಾಗ್‌ನಲ್ಲಿ ಬರೆದಿಡಿ. ಯಾರದ್ದು ಯಾರಿಗೆ ಹೋಯಿತು ಎಂದು ಅಲ್ಲೇ ಗೊತ್ತಾಗುತ್ತದೆ.