ಕೆಂಪು ಜೇಡಿಮಣ್ಣಿನಲ್ಲಿ ಕಾಡು ಅಜೇಲಿಯಾ ಉಳಿದದ್ದು ಹೀಗೆ

ನಮ್ಮ ಮನೆ ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾ ಬಳಿ. ಗಿಡ ಈ ಸೀಮೆಯ ಕಾಡಿನದೇ ಆದ ಹೂಪೊದೆ, ಪೀಡ್‌ಮಾಂಟ್ ಅಜೇಲಿಯಾ (ರೋಡೋಡೆಂಡ್ರಾನ್ ಕ್ಯಾನೆಸೆನ್ಸ್). ಚಳಿಗಾಲಕ್ಕೆ ಎಲೆ ಉದುರಿಸುವಂಥದ್ದು. ಎರಡನೆಯ ಬೇಸಿಗೆಗೆ ಎಲೆ ಹಳದಿಯಾಯಿತು, ನರ ಮಾತ್ರ ಹಸಿರು. ಮಣ್ಣು ಒದ್ದೆಯಿದ್ದರೂ ಮಧ್ಯಾಹ್ನ ಗಿಡ ಜೋತು ಬೀಳುತ್ತಿತ್ತು.

ಕಬ್ಬಿಣಾಂಶದ ದ್ರಾವಣ ಸಿಂಪಡಿಸಿದೆ. ಮೂರು ವಾರ ಹಸಿರು, ಮತ್ತೆ ಹಳದಿ. ಗೊಬ್ಬರ ಹಾಕಿದರೆ ಎಲೆಯಂಚು ಸುಟ್ಟಿತು. ನೀರು ಹೆಚ್ಚಿಸಿದ್ದು ಶುದ್ಧ ತಪ್ಪು. ಎರಡಡಿ ಗುಂಡಿಗೆ ಕಾಂಪೋಸ್ಟ್ ತುಂಬಿ ಮತ್ತೆ ನೆಟ್ಟೆ. ಜೇಡಿಮಣ್ಣಿನಲ್ಲಿ ಆ ಗುಂಡಿ ಬಾನಿಯಂತೆ ನೀರು ಹಿಡಿದುಕೊಂಡಿತು.

ನವೆಂಬರಿನಲ್ಲಿ ಎಲೆ ಉದುರಿದ ಮೇಲೆ ಗಿಡ ಕಿತ್ತು ನೋಡಿದೆ. ಬೇರು ಇನ್ನೂ ಕುಂಡದ ಆಕಾರದಲ್ಲೇ ಸುತ್ತಿಕೊಂಡಿತ್ತು, ಒಂದಿಂಚೂ ಹೊರಗೆ ಚಾಚಿರಲಿಲ್ಲ. ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ, ಕಡಿಮೆಯಾದಷ್ಟೂ ಹುಳಿ) 6.8, ಇದಕ್ಕೆ ಹಿತವಾದದ್ದು ಸುಮಾರು 4.5ರಿಂದ 6. ಪಕ್ಕದ ಸಿಮೆಂಟು ಕಾಲುದಾರಿಯ ಸುಣ್ಣದ ಮೇಲೆ ನನ್ನ ಅನುಮಾನ. ಹಾಗಾಗಿ ಹತ್ತಡಿ ಆಚೆ, ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ಓಕ್ ಮರದ ನೆರಳಾಗುವಲ್ಲಿ ಜಾಗ ಹಿಡಿದೆ.

ಮೂರಡಿ ಅಗಲ, ನಾಲ್ಕೇ ಇಂಚು ಆಳ ಕೆದಕಿದೆ. ಅಗೆದ ಮಣ್ಣಿಗೆ ಅಷ್ಟೇ ಪ್ರಮಾಣದ ಪೈನ್ ತೊಗಟೆ ಪುಡಿ ಬೆರೆಸಿದೆ. ಬೇರುಗಡ್ಡೆಯನ್ನು, ಅಂದರೆ ಸುತ್ತಿಕೊಂಡ ಬೇರು-ಮಣ್ಣಿನ ಮುದ್ದೆಯನ್ನು, ನಾಲ್ಕು ಕಡೆ ಮೇಲಿನಿಂದ ಕೆಳಕ್ಕೆ ಚಾಕುವಿನಿಂದ ಸೀಳಿ, ತುದಿಗಳನ್ನು ಬೆರಳಿನಿಂದ ಬಿಡಿಸಿದೆ. ಇದನ್ನು ಮಾಡದಿದ್ದರೆ ಮಿಕ್ಕದ್ದೆಲ್ಲ ವ್ಯರ್ಥ. ಗಡ್ಡೆಯ ಅರ್ಧ ಭಾಗ ನೆಲಮಟ್ಟಕ್ಕಿಂತ ಮೇಲಿರುವಂತೆ ಕೂರಿಸಿ, ಸುತ್ತ ಇಳಿಜಾರಾಗಿ ಮಣ್ಣು ಏರಿಸಿದೆ. ನೆತ್ತಿಯ ಮೇಲೆ ಮಣ್ಣಿಲ್ಲ, ಮೂರಿಂಚು ಪೈನ್ ಎಲೆಯ ಹೊದಿಕೆ ಮಾತ್ರ, ಅದೂ ಕಾಂಡಕ್ಕೆ ತಾಗದಂತೆ. ಮೊದಲ ಬೇಸಿಗೆ ಮಳೆಯಿಲ್ಲದ ವಾರಗಳಲ್ಲಿ ಒಂದಿಂಚು ನೀರು. ಗೊಬ್ಬರವಿಲ್ಲ.

ಜುಲೈ ದಾಟಿದರೂ ಎಲೆ ಹಸಿರಾಗಿಯೇ ಇತ್ತು. ಸೆಪ್ಟೆಂಬರಿನಲ್ಲಿ ಕೊಂಬೆಗಳ ತುದಿಯಲ್ಲಿ ದಪ್ಪ ಮೊಗ್ಗು ಕಂಡವು.