ಚಂಡೀಗಢದ ಕುರ್ಚಿ ಅಸಲಿಯೋ ನಕಲಿಯೋ? ಮಗುಚಿ ಹಾಕಿ ನೋಡಿ

ತೇಗದ ಚೌಕಟ್ಟು, ಬೆತ್ತದ ಹೆಣಿಗೆ, ತಲೆಕೆಳಗಾದ ‘ವಿ’ಯಂಥ ಕಾಲು. ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ಜೊತೆ ಚಂಡೀಗಢ ಕಟ್ಟಲು ಬಂದ ಪಿಯರ್ ಜೀನರೆ 1950ರ ದಶಕದಲ್ಲಿ ಅಲ್ಲಿನ ಕಚೇರಿಗಳಿಗೆಂದು ರೂಪಿಸಿದ ಕುರ್ಚಿ ಇದು. ಒಂದು ಕಾಲಕ್ಕೆ ಮುರಿದದ್ದನ್ನೆಲ್ಲ ಗುಜರಿಗೆ ಹಾಕಿದ್ದರು. ಈಗ ವಿದೇಶಿ ಹರಾಜಿನಲ್ಲಿ ಇದಕ್ಕೆ ಲಕ್ಷಗಟ್ಟಲೆ ಬೆಲೆ. ಇನ್ನು ನಕಲಿ ಬರದೇ ಇರುತ್ತಾ?

ಮೊದಲು ಕುರ್ಚಿಯನ್ನು ಮಗುಚಿ ಹಾಕಿ. ಮೇಲ್ಭಾಗಕ್ಕೆ ಹೊಸ ಪಾಲಿಶ್ ಇದ್ದರೆ ಇರಲಿ, ಕೆಳಗಿನ ಮರ ನೋಡಿ. ಹಳೇ ತೇಗದ ಬಣ್ಣ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಕಾಲಿನ ತುದಿ ನೋಡಿ. ವರ್ಷಗಟ್ಟಲೆ ನೆಲ ಒರೆಸಿದ ನೀರು ತಾಗಿ ಅಲ್ಲಿ ಕಲೆ ಕಟ್ಟಿರಬೇಕು. ಕೈ ಊರುವ ಜಾಗ ನುಣ್ಣಗೆ ಸವೆದಿರಬೇಕು. ನಕಲಿ ಮಾಡುವವರು ಸವೆತವನ್ನೂ ಮಾಡುತ್ತಾರೆ, ಆದರೆ ಯಾರ ಕೈಯೂ ತಾಗದ ಮೂಲೆಯಲ್ಲೂ ಉಜ್ಜಿಬಿಟ್ಟಿರುತ್ತಾರೆ!

ಬಣ್ಣದಲ್ಲಿ ಬರೆದ ಇಲಾಖೆಯ ಅಕ್ಷರ, ಸಂಖ್ಯೆ ಕಂಡ ಕೂಡಲೇ ಹಿಗ್ಗಬೇಡಿ. ಅನೇಕ ಅಸಲಿ ಕುರ್ಚಿಗಳಲ್ಲಿ ಅವು ಇರುತ್ತವೆ ನಿಜ. ಆದರೆ ಅಚ್ಚು, ಬಣ್ಣದ ಡಬ್ಬಿ ಯಾರಿಗೆ ಬೇಕಾದರೂ ಸಿಗುತ್ತದೆ. ಬಣ್ಣದ ಜೊತೆ ಮರವೂ ಸವೆದಿದೆಯಾ, ಇಲ್ಲ ಸವೆದ ಮರದ ಮೇಲೆ ಬಣ್ಣ ಕೂತಿದೆಯಾ ಎಂದು ಭೂತಗನ್ನಡಿ ಹಿಡಿದು ನೋಡಿ.

ಆಮೇಲೆ ಸ್ಕ್ರೂ. ಸ್ಟಾರ್ ತಲೆಯದಿದ್ದರೆ ಅನುಮಾನಪಡಿ, ರಿಪೇರಿಯಲ್ಲಿ ಹಾಕಿದ್ದಾ ಎಂದು ಕೇಳಿ. ಬೆತ್ತ ಹೊಸದಾಗಿದ್ದರೆ ಚಿಂತೆ ಬೇಡ, ಹಳೇ ಕುರ್ಚಿಗೆ ಹೊಸ ಬೆತ್ತ ಹೆಣೆಸುವುದು ಮಾಮೂಲು.

ಆರು ಕುರ್ಚಿ ಒಟ್ಟಿಗೆ ಮಾರಾಟಕ್ಕಿದ್ದರೆ ಪಕ್ಕಪಕ್ಕ ಇಟ್ಟು ಅಳೆಯಿರಿ. ಇವನ್ನು ಬೇರೆ ಬೇರೆ ಕಾರ್ಖಾನೆಯ ಬಡಗಿಗಳು ಕೈಯಲ್ಲಿ ಮಾಡಿದ್ದು, ಹಾಗಾಗಿ ಚೂರು ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಆರೂ ಕೂದಲೆಳೆಯಷ್ಟೂ ಬದಲಾಗದೆ ಒಂದೇ ಥರ ಇದ್ದರೆ ನನಗಂತೂ ನಂಬಿಕೆ ಬರುವುದಿಲ್ಲ.

ಹೊಸದನ್ನು ಹೊಸದೆಂದೇ ಹೇಳಿ ಮಾರಿದರೆ ಅದು ಮೋಸವಲ್ಲ. ಬೆಂಗಳೂರಿನ ಫ್ಯಾಂಟಮ್ ಹ್ಯಾಂಡ್ಸ್ ಎಂಬ ಕಂಪನಿ ಈ ವಿನ್ಯಾಸಗಳನ್ನು ಹೊಸದಾಗಿ ಮಾಡಿ ಹಾಗೆಯೇ ಮಾರುತ್ತದೆ. ಕೂರಲು ಒಳ್ಳೇ ಕುರ್ಚಿ ಸಾಕು ಅನ್ನುವವರಿಗೆ ಇಂಥದ್ದೇ ವಾಸಿ.

ಹಳೆಯದೇ ಬೇಕೆಂದರೆ ಕಾಗದಪತ್ರ ಕೇಳಿ. ಚಂಡೀಗಢದ ಪಾರಂಪರಿಕ ಪೀಠೋಪಕರಣಗಳ ಮಾರಾಟ, ರಫ್ತನ್ನು ಕೇಂದ್ರ ಗೃಹ ಸಚಿವಾಲಯ 2011ರಲ್ಲೇ ತಡೆದಿದೆ. ಹಾಗಾಗಿ ಇಲಾಖೆ ಯಾವಾಗ ಹರಾಜು ಹಾಕಿತು, ಯಾರು ಕೊಂಡರು ಎಂಬುದಕ್ಕೆ ರಸೀದಿ ಇರಬೇಕು. ಕುರ್ಚಿಯ ಮೇಲಿನ ಅಕ್ಷರ ಆ ರಸೀದಿಯ ಇಲಾಖೆಗೆ ಹೊಂದದಿದ್ದರೆ ಮುಂಗಡ ಕೊಡಬೇಡಿ.