ಸಕ್ಕರೆಯ ಜಮಾ-ಖರ್ಚು

ರಾತ್ರಿ 9ಕ್ಕೆ 287. ಒಂದೂವರೆಗೆ 54. ಬೆಳಗ್ಗೆ 6ಕ್ಕೆ 318. ಮೂರೂ ನನ್ನದೇ ರಕ್ತದ ಸಕ್ಕರೆಯ ನಂಬರು, ಒಂದೇ ರಾತ್ರಿಯವು. ನನಗೆ ಟೈಪ್ ಒನ್ ಡಯಾಬಿಟಿಸ್, ಅಂದರೆ ದಿನವೂ ಇನ್ಸುಲಿನ್ ಚುಚ್ಚಿಕೊಳ್ಳಲೇಬೇಕಾದ ಶುಗರ್ ಕಾಯಿಲೆ, ಅಂತ ಗೊತ್ತಾಗಿದ್ದು 19ನೇ ವಯಸ್ಸಿಗೆ. ಆಮೇಲಿನ ನಾಲ್ಕು ವರ್ಷ ಹೀಗೇ ಕಳೆಯಿತು. "ನಿನ್ನ ಶುಗರಿಗೆ ತಲೆ ಕೆಟ್ಟೈತಿ" ಅನ್ನುತ್ತಿದ್ದಳು ಅವ್ವ. ನಾನೂ ಹಾಗೇ ಅಂದುಕೊಂಡಿದ್ದೆ.

ದಾವಣಗೆರೆಯ ಮಂಡಿಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಸಂಜೆ ರೋಕಡಿಯಲ್ಲಿ ಹತ್ತು ರೂಪಾಯಿ ತಾಳೆಯಾಗದಿದ್ದರೂ ಎದ್ದು ಹೋಗುವಂತಿಲ್ಲ. ಒಂದು ದಿನ ಹಾಗೇ ಹುಡುಕುತ್ತಾ ಕೂತಾಗ ನಗು ಬಂತು. ಯಾರದೋ ಹತ್ತು ರೂಪಾಯಿಗೆ ಇಷ್ಟು ತಡಕಾಡುತ್ತೇನೆ, ನನ್ನ 318 ಎಲ್ಲಿಂದ ಬಂತು ಅಂತ ಯಾವತ್ತಾದರೂ ಹುಡುಕಿದ್ದೇನಾ? ಡಾಕ್ಟರಿಗೆ ತೋರಿಸಲು ನಂಬರು ಬರೆಯುತ್ತಿದ್ದೆ, ಅಷ್ಟೇ. ಅದರಲ್ಲೂ ಕೆಲವು ಸುಳ್ಳು. ನೋಡಿಕೊಳ್ಳದ ದಿನಗಳಿಗೆ 140, 152 ಅಂತ ಚಂದದ ನಂಬರು ತುಂಬುತ್ತಿದ್ದೆ. ಅನುಮಾನ ಬರಬಾರದೆಂದು ಬೇರೆ ಬೇರೆ ಪೆನ್ನಿನಲ್ಲಿ!

ಅಂಗಡಿಯಿಂದ ಒಂದು ಹಳೇ ಲೆಡ್ಜರ್ ತಂದೆ. ಹೊತ್ತು, ನಂಬರು, ಎಷ್ಟು ಇನ್ಸುಲಿನ್, ಎಲ್ಲಿ ಚುಚ್ಚಿದೆ, ಏನು ತಿಂದೆ ಅಂತ ಗೆರೆ ಎಳೆದೆ. ಕೊನೆಯ ಕಾಲಂ 'ಕಾರಣ'.

ಮೊದಲು ಸಿಕ್ಕಿದ್ದು ಆ ರಾತ್ರಿಯದೇ ಲೆಕ್ಕ. 287 ನೋಡಿ ಸಕ್ಕರೆ ಇಳಿಸಲು ಇನ್ಸುಲಿನ್ ತಗೊಂಡಿದ್ದೆ. ಗಂಟೆ ಬಿಟ್ಟು ನೋಡಿದರೆ 269. ಕೆಲಸ ಮಾಡ್ತಿಲ್ಲ ಅಂತ ಮತ್ತೆ ಚುಚ್ಚಿಕೊಂಡೆ. ಹನ್ನೊಂದಕ್ಕೆ ಇನ್ನೊಂದು. ಊಟಕ್ಕೆ ಮುಂಚೆ ತಗೊಳ್ಳುವ ವೇಗದ ಇನ್ಸುಲಿನ್ ಕೂಡ ಮುಗಿಯಲು ಸುಮಾರು ನಾಲ್ಕು ಗಂಟೆ ಬೇಕು. ಮೂರೂ ಸೇರಿ ಒಂದೂವರೆಗೆ ನನ್ನನ್ನು ಕೆಡವಿದವು. ಕೈ ನಡುಗಿ, ಬೆವರಿ ಎದ್ದಾಗ ಅವ್ವ ಗಾಬರಿಯಲ್ಲಿ ಸಕ್ಕರೆ ಹಾಲು, ಎರಡು ಬಾಳೆಹಣ್ಣು, ಹಬ್ಬಕ್ಕೆ ಮಾಡಿದ್ದ ಶೇಂಗಾ ಹೋಳಿಗೆ ಎಲ್ಲಾ ತಿನ್ನಿಸಿದ್ದಳು. 318 ಅಲ್ಲಿಂದ ಬಂದದ್ದು.

ಈಗ 70ಕ್ಕಿಂತ ಇಳಿದರೆ ಮೂರು ಟೀ ಚಮಚ ಗ್ಲೂಕೋಸ್ ಪುಡಿ ನೀರಿಗೆ ಹಾಕಿ ಕುಡಿಯುತ್ತೇನೆ. ಹೆಚ್ಚುಕಮ್ಮಿ 15 ಗ್ರಾಂ. 15 ನಿಮಿಷ ಕಾಯುತ್ತೇನೆ, ಮತ್ತೆ ನೋಡುತ್ತೇನೆ. ಏರಿರದಿದ್ದರೆ ಇನ್ನೊಮ್ಮೆ ಅಷ್ಟೇ. ಹೋಳಿಗೆ, ಚಾಕೊಲೇಟ್ ಆ ಹೊತ್ತಿಗೆ ಆಗುವುದಿಲ್ಲ. ಅದರಲ್ಲಿರುವ ಎಣ್ಣೆ, ತುಪ್ಪ ಸಕ್ಕರೆಯನ್ನು ನಿಧಾನ ಮಾಡುತ್ತವೆ. ಹೇಳಲು ಸುಲಭ. ಆ 15 ನಿಮಿಷ ಇಡೀ ಅಡುಗೆಮನೆ ತಿಂದುಬಿಡಬೇಕು ಅನ್ನುವಂಥ ಹಸಿವು. ಅವ್ವನಿಗೆ ಇನ್ನೂ ಕಷ್ಟ, "ಇನ್ನೊಂಚೂರು ತಗಳವ್ವಾ" ಅನ್ನುತ್ತಾ ಪಕ್ಕದಲ್ಲೇ ನಿಂತಿರುತ್ತಾಳೆ. ಎಚ್ಚರ ತಪ್ಪಿದರೆ ಮಾತ್ರ ಬಾಯಿಗೆ ಏನೂ ಹಾಕಬೇಡ, ನೇರ ಆಸ್ಪತ್ರೆಗೆ ಒಯ್ಯಿ ಅಂತ ಅವಳಿಗೆ ಹೇಳಿಟ್ಟಿದ್ದೇನೆ.

'ಎಲ್ಲಿ ಚುಚ್ಚಿದೆ' ಕಾಲಂ ನನಗೆ ದೊಡ್ಡ ಪಾಠ ಕಲಿಸಿತು. ಇಪ್ಪತ್ತು ದಿನದ ಪುಟ ತಿರುವಿದರೆ ಒಂದೇ ಮಾತು: ಹೊಕ್ಕುಳ ಎಡಕ್ಕೆ, ಹೊಕ್ಕುಳ ಎಡಕ್ಕೆ. ಅಲ್ಲಿ ನೋವಾಗುತ್ತಿರಲಿಲ್ಲ, ಅದಕ್ಕೇ ಅಲ್ಲೇ. ಪುಸ್ತಕ ನೋಡಿದ ಡಾಕ್ಟರ್ ಹೊಟ್ಟೆ ಮುಟ್ಟಿ, "ಇಲ್ಲಿ ಒತ್ತಿ ನೋಡಮ್ಮ" ಅಂದರು. ಚರ್ಮದ ಕೆಳಗೆ ನಿಂಬೆಹಣ್ಣಿನಷ್ಟು ಮೆತ್ತನೆ ಗಂಟು. ಒಂದೇ ಜಾಗಕ್ಕೆ ಚುಚ್ಚುತ್ತಿದ್ದರೆ ಕೊಬ್ಬು ಹೀಗೆ ದಪ್ಪವಾಗುತ್ತದಂತೆ. ಅಲ್ಲಿಗೆ ಹೋದ ಇನ್ಸುಲಿನ್ ಒಂದು ದಿನ ಬೇಗ ರಕ್ತಕ್ಕೆ ಇಳಿಯುತ್ತದೆ, ಇನ್ನೊಂದು ದಿನ ಅಲ್ಲೇ ಕೂರುತ್ತದೆ. ಅಷ್ಟೇ ಊಟ, ಅಷ್ಟೇ ಇನ್ಸುಲಿನ್, ಆದರೂ ಒಂದು ದಿನ 90, ಇನ್ನೊಂದು ದಿನ 260 ಆಗುತ್ತಿದ್ದದ್ದು ಇದಕ್ಕೇ. ತಲೆ ಕೆಟ್ಟಿದ್ದು ಶುಗರಿಗಲ್ಲ.

ಜಾಗ ಬದಲಿಸುವಾಗ ಡಾಕ್ಟರ್ ಡೋಸ್ ಇಳಿಸಿಯೇ ಕಳಿಸಿದರು. ಹೊಸ ಜಾಗದಲ್ಲಿ ಅದೇ ಇನ್ಸುಲಿನ್ ಪೂರ್ತಿ ಕೆಲಸ ಮಾಡುತ್ತದಲ್ಲ, ಹಳೇ ಡೋಸ್ ಜಾಸ್ತಿಯಾಗಿಬಿಡುತ್ತದೆ. ಈಗ ಹೊಟ್ಟೆಯ ಎರಡೂ ಬದಿ, ತೊಡೆ ಅಂತ ಸರದಿ. ಒಂದು ಚುಚ್ಚಿಗೂ ಇನ್ನೊಂದಕ್ಕೂ ಒಂದು ಬೆರಳಿನಷ್ಟಾದರೂ ಅಂತರ. ವಾರಗಟ್ಟಲೆ ಒಂದೇ ಸೂಜಿ ಓಡಿಸುವ ಜಿಪುಣತನವೂ ಬಿಟ್ಟೆ.

ಇನ್ನು ತಿನ್ನುವ ವಿಷಯ. ದಾವಣಗೆರೆಯಲ್ಲಿದ್ದು ಮಂಡಕ್ಕಿ-ಮೆಣಸಿನಕಾಯಿ ಬಿಡು ಅಂದರೆ ಊರು ಬಿಡು ಅಂದ ಹಾಗೆ. ಮಂಡಕ್ಕಿ ಹಗುರ, ಏನೂ ಆಗಲ್ಲ ಅಂತ ಇನ್ಸುಲಿನ್ ಇಲ್ಲದೇ ತಿನ್ನುತ್ತಿದ್ದೆ. ಅಡುಗೆಮನೆಗೆ ಸಣ್ಣ ತಕ್ಕಡಿ ತಂದ ದಿನ ಬಣ್ಣ ಬಯಲಾಯಿತು. 50 ಗ್ರಾಂ ಮಂಡಕ್ಕಿಗೆ ದೊಡ್ಡ ತಟ್ಟೆ ತುಂಬುತ್ತದೆ, ಅದರಲ್ಲಿ ಸುಮಾರು 45 ಗ್ರಾಂ ಪಿಷ್ಟ, ಮೈಯಲ್ಲಿ ಸಕ್ಕರೆಯಾಗುವಂಥದ್ದು. ಮೂರು ಸಣ್ಣ ಚಪಾತಿಗೆ ಸಮ. ಏರುವುದೂ ಸರ್ರನೆ. ಈಗ ತಿನ್ನುತ್ತೇನೆ, ಆದರೆ ತೂಗಿ, ಇನ್ಸುಲಿನ್ ತಗೊಂಡು ಹತ್ತು-ಹದಿನೈದು ನಿಮಿಷ ಬಿಟ್ಟು.

ಬೆಣ್ಣೆ ದೋಸೆಯದು ಇದಕ್ಕೆ ಉಲ್ಟಾ. ತಿಂದ ಒಂದೂವರೆ ಗಂಟೆಗೆ 74, ಅರೆ ವಾ ಅಂದುಕೊಳ್ಳುತ್ತಿದ್ದೆ. ಅಂಗಡಿಯಲ್ಲಿ ಮಧ್ಯಾಹ್ನ ನೋಡಿದರೆ 290. ಒಮ್ಮೆ ದುಡ್ಡು ಹೊಂದಿಸಿ ತೋಳಿಗೆ ಅಂಟಿಸಿದರೆ ಇಡೀ ದಿನದ ಸಕ್ಕರೆಯ ಏರಿಳಿತವನ್ನು ಗೆರೆಯಲ್ಲಿ ತೋರಿಸುವ 14 ದಿನದ ಸೆನ್ಸರ್ ಹಾಕಿಸಿಕೊಂಡಾಗ ಕಣ್ಣಾರೆ ಕಂಡೆ. ಬೆಣ್ಣೆ ಹೊಟ್ಟೆಯನ್ನು ನಿಧಾನ ಮಾಡುತ್ತದೆ. ಇನ್ಸುಲಿನ್ ಜೋರಾಗಿರುವಾಗ ದೋಸೆ ಇನ್ನೂ ಬಂದಿರುವುದಿಲ್ಲ. ಅದರ ಜೋರು ಇಳಿದ ಮೇಲೆ ದೋಸೆ, ಪಲ್ಯ ಎಲ್ಲಾ ಒಟ್ಟಿಗೆ ರಕ್ತಕ್ಕೆ ಬರುತ್ತವೆ. ಆ ಗೆರೆ ತೋರಿಸಿದ ಮೇಲೆ ಡಾಕ್ಟರ್ ದೋಸೆಯ ದಿನಕ್ಕೆ ಮಾತ್ರ ಡೋಸನ್ನು ಎರಡು ಪಾಲು ಮಾಡಿಕೊಟ್ಟರು. ಅದು ನನ್ನ ಲೆಕ್ಕ, ನಿಮ್ಮದನ್ನು ನಿಮ್ಮ ಡಾಕ್ಟರೇ ಹಾಕಿಕೊಡಬೇಕು.

ದುರ್ಗದ ಚಿಕ್ಕಮ್ಮನ ಮನೆಗೆ ಹೋದಾಗ ಕೋಟೆ ಹತ್ತಿದೆವು. ಒನಕೆ ಓಬವ್ವನ ಕಿಂಡಿ ನೋಡಿ, ಮೇಲಿನ ತನಕ ಹೋಗಿ, ಸಂಜೆ ಇಳಿದೆವು. ಇಡೀ ದಿನ ನಂಬರು ಚಿನ್ನದಂತಿತ್ತು. ರಾತ್ರಿ ಎರಡಕ್ಕೆ 49. ದಣಿದ ಮಾಂಸಖಂಡಗಳು ಖಾಲಿಯಾದ ಸಕ್ಕರೆಯನ್ನು ರಾತ್ರಿಯೆಲ್ಲಾ ರಕ್ತದಿಂದ ಎಳೆದು ತುಂಬಿಕೊಳ್ಳುತ್ತವೆ ಅಂತ ಆಮೇಲೆ ಗೊತ್ತಾಯಿತು. ಈಗ ಹಾಗೆ ದಣಿದ ದಿನ ಮೂರು ಗಂಟೆಗೆ ಅಲಾರಂ.

ಆ ಚಿಕ್ಕಮ್ಮನೇ "ರಾಗಿ ಶುಗರ್‌ನವರಿಗೆ ಒಳ್ಳೇದು" ಅಂತ ಎರಡು ಮುದ್ದೆ ಬಡಿಸುವವರು. ರಾಗಿಯಲ್ಲೂ ಪಿಷ್ಟವೇ ತುಂಬಿರುವುದು. ಹಾಗಲಕಾಯಿ ರಸ ಕುಡಿದು ಸೂಜಿ ಬಿಡು ಅನ್ನುವವರಿಗೆ ನಾನು ನಕ್ಕು ಸುಮ್ಮನಾಗುತ್ತೇನೆ. ಮೈ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸಿದೆ. ಒಮ್ಮೆ ವಾಂತಿಯಾಗಿ ಊಟ ಸೇರಲಿಲ್ಲ ಅಂತ ರಾತ್ರಿಯ ಇನ್ಸುಲಿನ್ ಕೂಡ ಬಿಟ್ಟಿದ್ದೆ. ಇನ್ಸುಲಿನ್ ಇಲ್ಲದೇ ಮೈ ಕೊಬ್ಬು ಕರಗಿಸುವಾಗ ಹುಟ್ಟುವ ಆಮ್ಲ, ಕೀಟೋನ್, ಏರಿ ಮೂರು ದಿನ ಐಸಿಯುನಲ್ಲಿದ್ದೆ. ಅಷ್ಟು ಸಾಕು.

ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 10.4 ಇದ್ದದ್ದು ಈಗ 7.3. ಲೆಡ್ಜರ್ ಎರಡನೆಯದು ನಡೆಯುತ್ತಿದೆ. ಮೊನ್ನೆ ಗುರುವಾರ ಸಂಜೆ 261. ಊಟ ಸರಿ, ಡೋಸ್ ಸರಿ, ಜಾಗ ಬಲತೊಡೆ. ಇನ್ಸುಲಿನ್ ಪೆನ್ನು ಬಿಸಿಲಲ್ಲಿ ಸ್ಕೂಟಿ ಡಿಕ್ಕಿಯಲ್ಲಿ ಉಳಿದು ಔಷಧ ಕೆಟ್ಟಿತ್ತಾ? ನೆನಪಿಲ್ಲ. ಕಾರಣದ ಕಾಲಂನಲ್ಲಿ ಪೆನ್ಸಿಲಿನಿಂದ 'ಬಿಸಿಲು?' ಅಂತ ಬರೆದು, ಪೆನ್ನು ಹೊಸದು ತೆಗೆದೆ.